ಹೋಯಾ ಹೂ ಬಿಡಬೇಕೆ? ಹಳೆಯ ಹೂತೊಟ್ಟು ಮುರಿಯಬೇಡಿ

ಎಕ್ಕದ ಹೂವನ್ನು ಅಂಗೈಯಲ್ಲಿಟ್ಟು ನೋಡಿದವರಿಗೆ ಹೋಯಾ ಎಂಬ ಬಳ್ಳಿಯ ಹೂವಿನ ಪರಿಚಯ ಅರ್ಧ ಆದಂತೆಯೇ. ಎರಡೂ ಒಂದೇ ಕುಟುಂಬದವು. ಅದೇ ಐದು ಮೂಲೆಯ ನಕ್ಷತ್ರ, ನಡುವೆ ಅದೇ ಪುಟ್ಟ ಕಿರೀಟ, ಎಲೆ ಚಿವುಟಿದರೆ ಅದೇ ಬಿಳಿ ಹಾಲು. ಹೋಯಾದಲ್ಲಿ ಹೂಗಳು ಇನ್ನೂ ಚಿಕ್ಕವು, ಗೊಂಚಲು ಮಾತ್ರ ತುಂಬಿಕೊಂಡಿರುತ್ತದೆ. ತಿಳಿ ಗುಲಾಬಿ ಬಣ್ಣದ, ಮೇಣ ಸವರಿದಂತೆ ಹೊಳೆಯುವ ಇಪ್ಪತ್ತು ಮೂವತ್ತು ಹೂಗಳು ಒಂದೇ ತೊಟ್ಟಿನಿಂದ ಇಳಿಬೀಳುತ್ತವೆ. ಕತ್ತಲಾಗುತ್ತಿದ್ದಂತೆ ಪರಿಮಳ ಏರುತ್ತದೆ.

‘ಎಲೆ ಚೆನ್ನಾಗಿದೆ, ಬಳ್ಳಿ ಉದ್ದ ಬಂದಿದೆ, ಹೂ ಮಾತ್ರ ಕಾಣೆ’ ಎನ್ನುವುದು ಇದನ್ನು ಸಾಕಿದವರ ಸಾಮಾನ್ಯ ದೂರು. ಬಹುತೇಕ ಮನೆಗಳಲ್ಲಿ ಕಾರಣ ಮೂರೇ: ಬೆಳಕು ಸಾಲದು, ಕುಂಡ ಯಾವಾಗಲೂ ಒದ್ದೆ, ಇಲ್ಲವೇ ಕತ್ತರಿ ಹಿಡಿದ ಕೈ ಸುಮ್ಮನಿರಲಿಲ್ಲ.

ಮನೆಗಳಲ್ಲಿ ಹೆಚ್ಚಾಗಿ ಬೆಳೆಸುವುದು ಹೋಯಾ ಕಾರ್ನೋಸಾ ಎಂಬ ಜಾತಿಯನ್ನು. ದಕ್ಷಿಣ ಚೀನಾ, ತೈವಾನ್, ಜಪಾನಿನ ದಕ್ಷಿಣದ ದ್ವೀಪಗಳು ಅದರ ತವರು. ಇಂಗ್ಲೆಂಡಿನ ತೋಟಗಾರ ಥಾಮಸ್ ಹೋಯ್ ಅವರ ಗೌರವಾರ್ಥ 1810ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಈ ಕುಲಕ್ಕೆ ಹೆಸರಿಟ್ಟರು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಇದೇ ಕುಲದ ಬಳ್ಳಿಗಳಿವೆ. ಚಾರಣಕ್ಕೆ ಹೋದಾಗ ಕಂಡರೆ ನೋಡಿ ಸಂತೋಷಪಡಿ, ಕಿತ್ತು ತರಬೇಡಿ. ಕಾಡಿನಲ್ಲಿ ಹೋಯಾ ಮರದ ತೊಗಟೆ, ಬಂಡೆಗಳನ್ನು ತಬ್ಬಿ ಹಬ್ಬುತ್ತದೆ. ಬದನಿಕೆಯಂತೆ ಮರದ ರಸ ಹೀರುವುದಿಲ್ಲ. ಮಳೆ ಬಂದಾಗ ಬೇರು ನೆನೆದು, ಗಾಳಿಗೆ ಬೇಗ ಆರುತ್ತದೆ. ಮನೆಯಲ್ಲಿ ಮಾಡುವ ಆರೈಕೆಯೆಲ್ಲ ಈ ಒಂದು ಸಂಗತಿಯನ್ನು ಅನುಸರಿಸಿದರೆ ಸಾಕು.

ಮೊದಲು ಕಿಟಕಿ ಆರಿಸಿ

ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಬೆಳಗಿನ ಎಳೆಬಿಸಿಲು ಎಲೆಗೆ ಬೀಳಲಿ. ಪಶ್ಚಿಮದ ಕಿಟಕಿಯಾದರೆ ತೆಳು ಪರದೆ ಬೇಕು. ಮಧ್ಯಾಹ್ನದ ಉರಿಬಿಸಿಲಿಗೆ ಎಲೆ ಹಳದಿಯಾಗಿ, ಸುಟ್ಟ ಕಲೆ ಮೂಡುತ್ತದೆ. ಟಿ.ವಿ. ಪಕ್ಕದ ಮೂಲೆಯಲ್ಲಿಟ್ಟರೆ ಬದುಕೇನೋ ಬದುಕುತ್ತದೆ, ಹೂವಿನ ಆಸೆ ಬಿಡಬೇಕು. ಫ್ಲ್ಯಾಟಿನಲ್ಲಿ ಬೆಳಕು ಕಡಿಮೆಯಿದ್ದರೆ ಗ್ರೋ ಲೈಟ್ (ಗಿಡ ಬೆಳೆಸಲೆಂದೇ ಇರುವ ದೀಪ) ಹಾಕಬಹುದು.

ಕುಂಡ ಚಿಕ್ಕದಿರಲಿ

ಬೇರಿನ ಗಂಟಿಗಿಂತ ಒಂದೆರಡು ಅಂಗುಲ ಮಾತ್ರ ದೊಡ್ಡದಾದ, ತಳದಲ್ಲಿ ತೂತಿರುವ ಮಣ್ಣಿನ ಕುಂಡ ಸಾಕು. ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣು ದಿನಗಟ್ಟಲೆ ಒದ್ದೆಯಾಗಿ ಉಳಿದು ಬೇರು ಕೊಳೆಯುತ್ತದೆ. ತೋಟದ ಕೆಂಪು ಮಣ್ಣನ್ನು ಹಾಗೇ ತುಂಬಬೇಡಿ, ನೀರು ಬಿದ್ದಂತೆಲ್ಲ ಅದು ಗಟ್ಟಿಯಾಗುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಆರ್ಕಿಡ್‌ಗೆ ಹಾಕುವ ತೊಗಟೆ ಚೂರು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಮೂರನ್ನೂ ಸಮ ಸಮ ಬೆರೆಸಿ, ಒಂದು ಹಿಡಿ ಇದ್ದಿಲು ಚೂರು, ಒಂದು ಹಿಡಿ ಎರೆಗೊಬ್ಬರ ಸೇರಿಸಿ. ತೊಗಟೆ ಸಿಗದಿದ್ದರೆ ತೆಂಗಿನ ಸಿಪ್ಪೆಯ ತುಂಡನ್ನು ಒಂದೆರಡು ದಿನ ನೀರಲ್ಲಿ ನೆನೆಸಿ, ನೀರು ಬಸಿದು ಬಳಸಿ. ಬೇರು ಕುಂಡ ತುಂಬಿತೆಂದು ಅವಸರಪಟ್ಟು ಬದಲಾಯಿಸುವುದೂ ಬೇಡ. ಇಕ್ಕಟ್ಟಿನಲ್ಲಿದ್ದೇ ಹೋಯಾ ಚೆನ್ನಾಗಿ ಹೂ ಬಿಡುತ್ತದೆ.

ನೀರು ಹಾಕುವ ಮುನ್ನ ಎಲೆ ಮುಟ್ಟಿ

‘ವಾರಕ್ಕೆ ಎಷ್ಟು ಸಲ?’ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡಲಾಗದು. ಮಂಗಳೂರಿನ ಜುಲೈ ಬೇರೆ, ಕಲಬುರಗಿಯ ಏಪ್ರಿಲ್ ಬೇರೆ. ಬಲಿತ ಎಲೆಯೊಂದನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿ. ಬಿಗಿಯಾಗಿ ಸೆಟೆದು ನಿಂತರೆ ಎಲೆಯಲ್ಲಿ ಇನ್ನೂ ನೀರಿದೆ, ಕೈ ತಡೆಯಿರಿ. ಮೆತ್ತಗೆ ಬಾಗಿದರೆ, ಮಣ್ಣೂ ಒಣಗಿದ್ದರೆ, ತಳದ ತೂತಿನಿಂದ ಹರಿದುಹೋಗುವಷ್ಟು ನೀರು ಕೊಡಿ. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಮಣ್ಣು ಒದ್ದೆಯಿದ್ದೂ ಎಲೆ ಸುಕ್ಕಾಗಿದ್ದರೆ ಬೇರು ಕೊಳೆತಿದೆ ಎಂದೇ ಅರ್ಥ. ಆಗ ನೀರು ಹಾಕಿದಷ್ಟೂ ಗಿಡಕ್ಕೆ ಕೇಡು. ಕುಂಡದಿಂದ ಬಿಡಿಸಿ, ಕಪ್ಪಾದ ಬೇರು ಕತ್ತರಿಸಿ, ಹೊಸ ಮಿಶ್ರಣದಲ್ಲಿ ನೆಡಿ.

ಈ ಗಿಡ ಎಲೆಯ ರಂಧ್ರಗಳನ್ನು ಹೆಚ್ಚಾಗಿ ರಾತ್ರಿ ತೆರೆದು, ಹಗಲಿನ ಬಿಸಿಲಲ್ಲಿ ಮುಚ್ಚಿಕೊಂಡು ನೀರು ಉಳಿಸುತ್ತದೆ. ಹಾಗಾಗಿ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರೂ ಸಾಮಾನ್ಯವಾಗಿ ಅಪಾಯವಿಲ್ಲ. ಚಳಿಗಾಲದಲ್ಲಿ ನೀರು ಇನ್ನೂ ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ. ಆ ತಿಂಗಳುಗಳ ತಂಪು ಮತ್ತು ಕಡಿಮೆ ನೀರು ಮುಂದಿನ ಮೊಗ್ಗಿಗೆ ನೆರವಾಗುತ್ತದೆ. ಬೋರ್‌ವೆಲ್ ನೀರು ಚಿಮುಕಿಸಿದರೆ ಎಲೆಯ ಮೇಲೆ ಬಿಳಿ ಕಲೆ ಕೂರುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದೇ ಉತ್ತಮ. ಗೊಬ್ಬರ ಕೊಡುವುದಾದರೆ ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ, ಪ್ಯಾಕೆಟ್ಟಿನಲ್ಲಿ ಹೇಳಿದ್ದರ ಅರ್ಧ ಪ್ರಮಾಣ. ಸಾರಜನಕ ಹೆಚ್ಚಾದರೆ ಬರೀ ಎಲೆ.

ಕತ್ತರಿ ದೂರವಿಡಿ

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು ಇದು. ಹೂ ಉದುರಿದ ಮೇಲೆ ಬಳ್ಳಿಯಲ್ಲಿ ಒಂದು ಮೋಟು ತೊಟ್ಟು ಉಳಿಯುತ್ತದೆ. ಹತ್ತಿರದಿಂದ ನೋಡಿ: ತುದಿಯಲ್ಲಿ ಉದುರಿದ ಹೂಗಳ ಗುರುತು ಒತ್ತೊತ್ತಾಗಿ, ಸಣ್ಣ ಸಣ್ಣ ಗಂಟಾಗಿ ಕಾಣುತ್ತದೆ. ಒಣಕಡ್ಡಿ ಎಂದು ತೋರುವ ಈ ಗಂಟಿನಿಂದಲೇ ಮುಂದಿನ ವರ್ಷದ ಮೊಗ್ಗು ಹೊರಡುತ್ತದೆ. ಗುಲಾಬಿ, ದಾಸವಾಳ ಸವರಿ ಅಭ್ಯಾಸವಾದವರು ಬಾಡಿದ ಹೂವಿನ ಜೊತೆಗೆ ಇದನ್ನೂ ಚಿವುಟಿಬಿಡುತ್ತಾರೆ. ಆಮೇಲೆ ಗಿಡ ಹೊಸ ತೊಟ್ಟನ್ನು ಮೊದಲಿನಿಂದ ಕಟ್ಟಬೇಕು. ದೇವರಿಗೆ ಏರಿಸಬೇಕೆನಿಸಿದರೆ ಬಿಡಿ ಹೂಗಳನ್ನು ಬಿಡಿಸಿಕೊಳ್ಳಿ, ತೊಟ್ಟು ಗಿಡದಲ್ಲೇ ಇರಲಿ. ಎಲೆಯಿಲ್ಲದೆ ಉದ್ದುದ್ದ ಚಾಚುವ ಕುಡಿಗಳನ್ನೂ ಕತ್ತರಿಸಬೇಡಿ. ಎಲೆ, ಮೊಗ್ಗು ಅವುಗಳಲ್ಲಿ ಆಮೇಲೆ ಬರುತ್ತವೆ. ಜಾಗ ಸಾಲದಿದ್ದರೆ ತಂತಿಯ ಬಳೆಗೋ ಕಿಟಕಿಯ ಸರಳಿಗೋ ಸುತ್ತಿಬಿಡಿ.

ಮೊಗ್ಗು ಕಂಡ ಮೇಲೆ ಕುಂಡದ ಜಾಗ ಬದಲಾಯಿಸದಿರುವುದು ಒಳ್ಳೆಯದು. ಮಣ್ಣು ಪೂರ್ತಿ ಒಣಗಿದರೆ, ಎ.ಸಿ. ಗಾಳಿ ನೇರ ತಾಗಿದರೆ ಮೊಗ್ಗು ಉದುರುತ್ತದೆ. ಅರಳಿದ ಹೂವಿನಿಂದ ಜೇನಿನಂಥ ಹನಿ ತೊಟ್ಟಿಕ್ಕುವುದುಂಟು, ಕೆಳಗೆ ಸೋಫಾ ಇಲ್ಲದಂತೆ ನೋಡಿಕೊಳ್ಳಿ. ಇರುವೆ ಬಂದರೆ ಗಾಬರಿ ಬೇಡ, ಆದರೆ ಎಲೆಯ ಸಂದಿ ಪರೀಕ್ಷಿಸಿ. ಹತ್ತಿಯಂತೆ ಬಿಳಿ ಕಂಡರೆ ಅದು ಹಿಟ್ಟು ತಿಗಣೆ. ಎಕ್ಕ, ಕಣಗಿಲೆಗೆ ಮುತ್ತುವ ಹಳದಿ ಹೇನೂ ಎಳೆ ಮೊಗ್ಗಿಗೆ ಬರುತ್ತದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ಕೆಲವು ಹನಿ ಸೋಪು ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಅರಳಿದ ಹೂವಿಗೆ ತಾಗಿಸಬೇಡಿ.

ಹೊಸ ಗಿಡ ಬೇಕಾದರೆ ಎರಡು ಗೆಣ್ಣಿರುವ ಕಡ್ಡಿ ಕತ್ತರಿಸಿ, ಹಾಲು ನಿಂತ ಮೇಲೆ ಕೆಳಗಿನ ಗೆಣ್ಣು ಮುಳುಗುವಂತೆ ನೀರಿನಲ್ಲಿಡಿ. ಹಾಲು ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆಯಾಗುವುದರಿಂದ ಕೈ ತೊಳೆದುಕೊಳ್ಳಿ. ಬೇರು ಬರಲು ಕೆಲವು ವಾರ, ಹೂವಿಗೆ ಎರಡು ಮೂರು ವರ್ಷ ಹಿಡಿಯಬಹುದು. ಬೇಗ ಹೂ ಬೇಕಿದ್ದವರು ನರ್ಸರಿಯಲ್ಲಿ ಹಳೆಯ ಹೂತೊಟ್ಟು ಇರುವ ಬಲಿತ ಬಳ್ಳಿಯನ್ನೇ ಹುಡುಕಿ. ಫೆಬ್ರವರಿಯಲ್ಲಿ ಪುಟ್ಟ ಕುಂಡದಲ್ಲಿ ಮಾರುವ ಹೃದಯಾಕಾರದ ಒಂಟಿ ಎಲೆ ಹೋಯಾ ಕೆರಿ ಎಂಬ ಇನ್ನೊಂದು ಜಾತಿಯದ್ದು. ಅದರ ಬುಡದಲ್ಲಿ ಗೆಣ್ಣಿನ ತುಂಡು ಇಲ್ಲದಿದ್ದರೆ ಎಲೆ ವರ್ಷಗಟ್ಟಲೆ ಹಸಿರಾಗಿ ಉಳಿದೀತು, ಬಳ್ಳಿಯಾಗದು.