ಟ್ಯೂಬ್‌ಲೆಸ್ ಟೈರಿಗೆ ಯಾವ ಸೀಲಂಟ್, ಎಷ್ಟು, ಎಷ್ಟು ದಿನಕ್ಕೊಮ್ಮೆ

ಎಂಟಿಬಿಗೆ, ಅಂದರೆ ಮೌಂಟನ್ ಬೈಕ್ ಸೈಕಲ್ಲಿಗೆ, ಟ್ಯೂಬ್ ಇಲ್ಲದ ಟ್ಯೂಬ್‌ಲೆಸ್ ಟೈರ್ ಹಾಕಿಸಿದವರೆಲ್ಲ ಮೊದಲು ಕೇಳುವುದು, ತೂತು ಬಿದ್ದರೆ ಒಳಗಿಂದಲೇ ಮುಚ್ಚುವ ಸೀಲಂಟ್ ಅನ್ನುವ ದ್ರವ ಯಾವ ಕಂಪನಿಯದು ಒಳ್ಳೆಯದು ಅಂತ. ಕಂಪನಿ ಆಮೇಲೆ ನೋಡೋಣ. ಟೈರಿನೊಳಗೆ ಸೀಲಂಟ್ ಎಷ್ಟು ಉಳಿದಿದೆ ಅಂತ ನೀವು ತಿಂಗಳಿಗೊಮ್ಮೆ ನೋಡುವವರೋ, ಗಾಳಿ ಇಳಿದ ಮೇಲಷ್ಟೇ ನೆನಪಾಗುವವರೋ? ಯಾವುದನ್ನು ಕೊಳ್ಳಬೇಕು ಅನ್ನುವುದು ಇದರ ಮೇಲೆ ನಿಂತಿದೆ.

ಹೆಚ್ಚಿನ ಸೀಲಂಟ್‌ಗಳು ಮೂಲದಲ್ಲಿ ರಬ್ಬರ್ ಹಾಲೇ, ಅಂದರೆ ಲೇಟೆಕ್ಸ್. ನೀರಿನಲ್ಲಿ ತೇಲುವ ರಬ್ಬರ್ ಕಣಗಳು, ಅವು ಬಾಟಲಿಯಲ್ಲೇ ಗಟ್ಟಿಯಾಗದಿರಲಿ ಅಂತ ಹಲವದರಲ್ಲಿ ಅಮೋನಿಯಾ, ಬೇಗ ಒಣಗದಿರಲಿ ಅಂತ ಗ್ಲೈಕಾಲ್, ತೂತಿಗೆ ಅಡ್ಡ ಕೂರಲು ಒಂದಿಷ್ಟು ನಾರು ಅಥವಾ ಸಣ್ಣ ಹರಳು. ಮುಳ್ಳು ಚುಚ್ಚಿದ ಕಡೆ ಗಾಳಿ ಹೊರಗೆ ನುಗ್ಗುವಾಗ ಈ ದ್ರವವನ್ನೂ ಎಳೆದುಕೊಂಡು ಹೋಗುತ್ತದೆ. ನಾರು, ಹರಳು ತೂತಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ, ಸುತ್ತ ರಬ್ಬರ್ ಹೆಪ್ಪುಗಟ್ಟುತ್ತದೆ. ಇಷ್ಟೇ. ಆದರೆ ತೂತಿನಲ್ಲಿ ಬೇಗ ಹೆಪ್ಪುಗಟ್ಟುವ ಸೀಲಂಟ್ ಟೈರಿನೊಳಗೂ ಸಾಮಾನ್ಯವಾಗಿ ಬೇಗ ಒಣಗುತ್ತದೆ. ತಿಂಗಳುಗಟ್ಟಲೆ ಒದ್ದೆಯಾಗಿರುವಂಥದ್ದು ತೂತು ಮುಚ್ಚಲು ಸ್ವಲ್ಪ ಸತಾಯಿಸುತ್ತದೆ. ಎರಡೂ ಗುಣ ಒಂದೇ ಬಾಟಲಿಯಲ್ಲಿ ಪೂರ್ತಿ ಸಿಗುವುದಿಲ್ಲ, ಮೇಲೆ ಏನೇ ಬರೆದಿರಲಿ.

ಅದಕ್ಕೇ ಕಂಪನಿಗಳೂ ಎರಡೆರಡು ಬಗೆ ಮಾಡುತ್ತವೆ. ಆರೆಂಜ್ ಸೀಲ್‌ನಲ್ಲಿ ಮಾಮೂಲಿ ಒಂದು, ಜಾಸ್ತಿ ದಿನ ಬರುವ ಎಂಡ್ಯೂರೆನ್ಸ್ ಇನ್ನೊಂದು. ಸ್ಟ್ಯಾನ್ಸ್‌ನಲ್ಲಿ ಮಾಮೂಲಿಯ ಜೊತೆಗೆ ರೇಸ್ ಸೀಲಂಟ್ ಇದೆ. ಅದರ ಹರಳು ದಪ್ಪ, ವಾಲ್ವ್ ಒಳಗಿಂದ ಹಾಕಲು ಹೋದರೆ ಕಟ್ಟಿಕೊಳ್ಳುತ್ತದೆ, ಟೈರಿನ ಒಂದು ಬದಿ ಬಿಚ್ಚಿ ನೇರವಾಗಿ ಸುರಿಯಬೇಕು. ರೇಸ್ ಓಡಿಸುವವರಿಗೆ, ಆಗಾಗ ಟೈರ್ ಬಿಚ್ಚುವವರಿಗೆ ಅದು ಸರಿ. ಉಳಿದವರು ನಿಧಾನವಾಗಿ ಒಣಗುವುದನ್ನೇ ತಗೊಳ್ಳಿ. ಎಷ್ಟೇ ಚುರುಕಾದ ಸೀಲಂಟ್ ಆದರೂ ಒಣಗಿ ಟೈರಿಗೆ ಅಂಟಿಕೊಂಡ ಮೇಲೆ ಉಪಯೋಗವಿಲ್ಲ, ಅಲ್ವಾ? ಲೇಟೆಕ್ಸ್ ಅಲರ್ಜಿ ಇದ್ದರೆ ಲೇಟೆಕ್ಸ್ ಇಲ್ಲದ ಬಗೆಯನ್ನೇ ಹುಡುಕಿ. ದಾರಿಯಲ್ಲಿ ಗಾಳಿ ತುಂಬಲು ಸಿಒ2 ಕಾರ್ಟ್ರಿಡ್ಜ್ (ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಡಬ್ಬಿ) ಒಯ್ಯುವವರು ಬಾಟಲಿಯ ಮೇಲಿನ ಸೂಚನೆ ಓದಿಯೇ ಕೊಳ್ಳಿ, ಕೆಲವು ಲೇಟೆಕ್ಸ್ ಸೀಲಂಟ್‌ಗಳು ಆ ತಣ್ಣನೆಯ ಅನಿಲ ತಾಗಿದರೆ ಒಡೆದು ಉಂಡೆ ಕಟ್ಟುತ್ತವೆ.

ಎಷ್ಟು ಹಾಕಬೇಕು? 29 ಇಂಚಿನ, 2.3 ಇಂಚು ಅಗಲದ ಟೈರಿಗೆ 100ರಿಂದ 120 ಮಿಲಿ. 27.5 ಇಂಚಿನದ್ದಕ್ಕೆ 90–100 ಸಾಕು. ಅಗಲ 2.8 ಮುಟ್ಟಿದರೆ 140ರ ಹತ್ತಿರ ಹೋಗಿ. ಹೊಸ ಟೈರಿನ ಸೈಡ್‌ವಾಲ್ (ಬದಿಯ ಗೋಡೆ) ಮೊದಲ ಸಲ ಒಂದಿಷ್ಟು ಕುಡಿದುಬಿಡುತ್ತದೆ, ಹಾಗಾಗಿ ಸ್ವಲ್ಪ ಧಾರಾಳವಾಗಿಯೇ ಹಾಕಿ. ತೂಕ ಉಳಿಸಲು 60 ಮಿಲಿಗೇ ನಿಲ್ಲಿಸುವವರಿದ್ದಾರೆ. ಐವತ್ತು ಗ್ರಾಂ ಉಳಿಸಿ ಆಮೇಲೆ ಸೈಕಲ್ ನೂಕಿಕೊಂಡು ಬರುವುದು ಯಾವ ಲೆಕ್ಕ?

ಹಾಕುವ ಮುಂಚೆ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಸುಮ್ನೆ ಎರಡು ಸಲ ಅಲ್ಲಾಡಿಸಿದರೆ ಆಗುವುದಿಲ್ಲ. ನಾರು, ಹರಳೆಲ್ಲ ತಳದಲ್ಲಿ ಕೂತಿರುತ್ತವೆ. ಕುಲುಕದೆ ಸುರಿದರೆ ಮೇಲಿನ ತೆಳು ನೀರಷ್ಟೇ ಟೈರಿಗೆ ಹೋಗುತ್ತದೆ. ವಾಲ್ವ್ ಗಡಿಯಾರದ 4 ಅಥವಾ 8 ಗಂಟೆಯ ಜಾಗಕ್ಕೆ ಬರುವಂತೆ ಚಕ್ರ ತಿರುಗಿಸಿ, ಗಾಳಿ ಬಿಟ್ಟು, ವಾಲ್ವ್ ಕೋರ್ (ವಾಲ್ವ್ ಒಳಗೆ ತಿರುಗಿಸಿ ಕೂರಿಸುವ ಸಣ್ಣ ಭಾಗ) ಬಿಚ್ಚಿ ಸಿರಿಂಜಿನಿಂದ ಒಳಗೆ ತಳ್ಳಿ. ಕೋರ್ ಹಾಕಿ ಗಾಳಿ ಹೊಡೆಯಿರಿ. ಟೈರಿನ ಮೇಲೊಂದು, ರಿಮ್ ಮೇಲೊಂದು ಗರಿಷ್ಠ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬರೆದಿರುತ್ತದೆ, ಎರಡರಲ್ಲಿ ಕಡಿಮೆ ಇರುವುದನ್ನು ದಾಟಬೇಡಿ. ಚಕ್ರ ತಿರುಗಿಸಿ, ಕುಲುಕಿ, ಒಂದೊಂದು ಬದಿಗೂ ಸ್ವಲ್ಪ ಹೊತ್ತು ಬಕೆಟ್ ಮೇಲೆ ಮಲಗಿಸಿಡಿ. ಸೈಡ್‌ವಾಲ್‌ನಲ್ಲಿ ಸಣ್ಣ ಗುಳ್ಳೆ ಬಂದರೆ ಗಾಬರಿ ಬೇಡ, ಮುಚ್ಚಿಕೊಳ್ಳುತ್ತದೆ. ಸ್ಪೋಕ್ ತೂತಿನಿಂದ ಸೀಲಂಟ್ ಜಿನುಗಿದರೆ ಮಾತ್ರ ಆ ತೂತುಗಳನ್ನು ಮುಚ್ಚುವ ರಿಮ್ ಟೇಪ್ ಕೈಕೊಟ್ಟಿದೆ ಅಂತ ಅರ್ಥ. ಅದಕ್ಕೆ ಮತ್ತಷ್ಟು ಸೀಲಂಟ್ ಸುರಿದು ಪ್ರಯೋಜನವಿಲ್ಲ, ಟೈರ್ ಬಿಚ್ಚಿ ಟೇಪ್ ಬದಲಿಸಿ.

ಇನ್ನು ನೋಡಿಕೊಳ್ಳುವ ವಿಷಯ. ಸೀಲಂಟ್ ಎರಡರಿಂದ ಆರು ತಿಂಗಳವರೆಗೆ ಬರಬಹುದು; ಬಿಸಿಲು, ಒಣ ಹವೆ ಇದ್ದರೆ ಕಡಿಮೆ. ಬಿಸಿಲಿನಲ್ಲಿ ನಿಲ್ಲಿಸಿದ ಸೈಕಲ್ಲಿನಲ್ಲಿ ಬೇಗ ಒಣಗುತ್ತದೆ. ಓಡಿಸದೆ ಬಿಟ್ಟರೆ ತಳದಲ್ಲೇ ಕೂತು ಗಡ್ಡೆಯಾಗುತ್ತದೆ, ಹಾಗಾಗಿ ಆಗಾಗ ಚಕ್ರವನ್ನಾದರೂ ಎತ್ತಿ ತಿರುಗಿಸಿ. ಚಕ್ರ ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಳುಗುಳು ಅನ್ನಬೇಕು, ಆದರೆ ದಪ್ಪ ಸೀಲಂಟ್ ಇದ್ದೂ ಸದ್ದು ಮಾಡದಿರಬಹುದು. ನನಗೆ ಕಡ್ಡಿ ಅದ್ದುವುದೇ ನಂಬಿಕೆ. ವಾಲ್ವ್ ಮೇಲಿರುವಾಗಲೇ ಗಾಳಿ ಬಿಟ್ಟು ಕೋರ್ ಬಿಚ್ಚಿ, ಆಮೇಲೆ ವಾಲ್ವನ್ನು ಪೂರ್ತಿ ಕೆಳಕ್ಕೆ ತಿರುಗಿಸದೆ ಒಂದು ಬದಿಗೆ ತಂದು, ತೆಳುವಾದ ಜಿಪ್ ಟೈ ಒಂದನ್ನು ಟೈರಿನ ತಳ ಮುಟ್ಟುವವರೆಗೆ ಇಳಿಸಿ ಹೊರಗೆಳೆಯಿರಿ. ತುದಿಯಲ್ಲಿ ಒಂದೆರಡು ಸೆಂಟಿಮೀಟರ್ ಬಿಳಿ ಹಾಲು ಅಂಟಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಏನೂ ಅಂಟದಿದ್ದರೆ, ಅಥವಾ ಅಂಟಂಟಾದ ಚರ್ಮದಂಥದ್ದು ಬಂದರೆ, 60 ಮಿಲಿ ಸೇರಿಸಿ. ಅದೇ ಬ್ರ್ಯಾಂಡ್ ಸೇರಿಸಿ. ಬೇರೆ ಬೇರೆ ಬ್ರ್ಯಾಂಡ್ ಬೆರೆಸಿದರೆ ರಬ್ಬರ್ ಒಂದು ಕಡೆ, ನೀರು ಒಂದು ಕಡೆ ಆಗಬಹುದು.

ಗಾಳಿ ಹೊಡೆಯುವಾಗ ಪಂಪ್ ಬಿಗಿಯಾಗಿ ಬಂದರೆ ವಾಲ್ವ್ ಕೋರ್ ಕಟ್ಟಿಕೊಂಡಿದೆ. ಬಿಚ್ಚಿ, ಒಣಗಿದ ರಬ್ಬರನ್ನು ಉಗುರಿನಿಂದ ಸುಲಿದುಹಾಕಿ. ಆಗದಿದ್ದರೆ ಕೋರ್ ಬದಲಿಸಿ. ಒಂದು ಹೊಸ ಕೋರ್ ಬ್ಯಾಗಿನಲ್ಲಿ ಯಾವಾಗಲೂ ಇರಲಿ.

ಮೂರ್ನಾಲ್ಕು ಸಲ ಸೇರಿಸಿದ ಮೇಲೆ ಒಮ್ಮೆ ಟೈರ್ ಬಿಚ್ಚಿ ನೋಡಿ. ಒಳಗೆ ತೆಳುವಾಗಿ ಅಂಟಿದ ಪದರ ಹಾಗೇ ಇರಲಿ, ಉಂಡೆಗಳನ್ನೂ ದಪ್ಪ ಹಾಳೆಗಳನ್ನೂ ಕಿತ್ತುಹಾಕಿ. ಬೀಡ್ (ರಿಮ್‌ಗೆ ಕಚ್ಚಿಕೊಳ್ಳುವ ಟೈರಿನ ಅಂಚು) ಕೂರುವ ಜಾಗ ಚೊಕ್ಕಟವಾಗಿರಬೇಕು. ಒಂದು ಬಟ್ಟೆಯನ್ನು ಟೈರಿನ ಒಳಗೆ ಸುತ್ತಲೂ ಮೆಲ್ಲಗೆ ಎಳೆಯಿರಿ, ಮುಳ್ಳಿದ್ದ ಕಡೆ ಅದು ಸಿಕ್ಕಿಕೊಳ್ಳುತ್ತದೆ. ನಿಮಗೆ ಗೊತ್ತೇ ಆಗದೆ ಸೀಲಂಟ್ ಮುಚ್ಚಿಹಾಕಿದ ಮುಳ್ಳುಗಳು ಅಲ್ಲಿ ಎಷ್ಟೋ ಇರುತ್ತವೆ. ದಾರಿಯಲ್ಲಿ ಅನಿವಾರ್ಯವಾಗಿ ಟ್ಯೂಬ್ ಹಾಕಬೇಕಾಗಿ ಬಂದರೆ ಇವನ್ನು ತೆಗೆಯದೆ ಹಾಕಬೇಡಿ, ಹೊಸ ಟ್ಯೂಬ್ ಎರಡೇ ನಿಮಿಷಕ್ಕೆ ಹೋಗುತ್ತದೆ.

ಪಂಕ್ಚರ್ ಆಗಿ ಸೀಲಂಟ್ ಚಿಮ್ಮುತ್ತಿದ್ದರೆ ತೂತು ಕೆಳಗೆ ಬರುವಂತೆ ಚಕ್ರ ನಿಲ್ಲಿಸಿ ಸ್ವಲ್ಪ ಕಾಯಿರಿ. ಮುಚ್ಚದಿದ್ದರೆ ಗಾಳಿ ಒಂದಿಷ್ಟು ಇಳಿಸಿ, ಒತ್ತಡ ಜಾಸ್ತಿ ಇದ್ದಷ್ಟೂ ಗಟ್ಟಿಯಾಗುವ ಮುಂಚೆಯೇ ಎಲ್ಲ ಹೊರಗೆ ಹಾರಿಹೋಗುತ್ತದೆ. ನಾಲ್ಕೈದು ಮಿಲಿಮೀಟರ್‌ಗಿಂತ ದೊಡ್ಡ ತೂತಾದರೆ ಕಾಯುತ್ತ ಕೂರದೆ ಪ್ಲಗ್ (ತೂತಿಗೆ ತುರುಕುವ ರಬ್ಬರ್ ಪಟ್ಟಿ) ಹಾಕಿ. ಉದ್ದಕ್ಕೆ ಸೀಳಿದ ಸೈಡ್‌ವಾಲ್ ಸೀಲಂಟಿನ ಕೈಲಿಲ್ಲ.

ಚಿಮ್ಮಿದ್ದು ಬ್ರೇಕ್ ಡಿಸ್ಕಿಗೆ ಬಿದ್ದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿಯೇ ಮುಂದಕ್ಕೆ ಓಡಿಸಿ. ಬಟ್ಟೆಗೆ ಬಿದ್ದದ್ದನ್ನು ಒಣಗುವ ಮುಂಚೆ ತೊಳೆಯಿರಿ, ಒಣಗಿದರೆ ಹೋಗುವುದು ಕಷ್ಟ. ಹಳೇ ಸೀಲಂಟನ್ನು ಸಿಂಕಿಗೆ ಸುರಿದರೆ ಪೈಪಿನೊಳಗೂ ಅದು ಗಟ್ಟಿಯಾಗುತ್ತದೆ. ಹಳೇ ಡಬ್ಬದಲ್ಲಿ ಬಾಯಿ ತೆರೆದಿಟ್ಟು, ಪೂರ್ತಿ ಒಣಗಿದ ಮೇಲೆ ಕಸಕ್ಕೆ ಹಾಕಿ.