ರೋಬೋಟ್, ಫೋನ್, ರಕ್ಷಕರು: ಮೂವರನ್ನೂ ಜೋಡಿಸುವುದು ಹೇಗೆ?

ಕಟ್ಟಡ ಕುಸಿದಿದೆ. ಒಳಗೆ ಜನ ಸಿಕ್ಕಿಕೊಂಡಿದ್ದಾರೆ. ರಕ್ಷಣಾ ತಂಡದ ಹತ್ತಿರ ಡ್ರೋನ್ ಇದೆ, ಪುಟ್ಟ ರೋಬೋಟ್ ಇದೆ, ಎಲ್ಲರ ಜೇಬಿನಲ್ಲೂ ಸ್ಮಾರ್ಟ್‌ಫೋನ್ ಇದೆ. ಒಂದು ಕಂಡದ್ದು ಇನ್ನೊಂದಕ್ಕೆ ತಲುಪದಿದ್ದರೆ ಇವೆಲ್ಲ ಇದ್ದೂ ಇಲ್ಲದ ಹಾಗೆ.

ಮೊದಲು ಸ್ವಂತ ನೆಟ್‌ವರ್ಕ್ ಕಟ್ಟಿಕೊಳ್ಳಿ. ಮೊಬೈಲ್ ಟವರ್ ನಂಬಿ ಕೂರುವಂತಿಲ್ಲ. ಕರೆಂಟ್ ಹೋಗಿರಬಹುದು, ಎಲ್ಲರೂ ಒಮ್ಮೆಲೇ ಕರೆ ಮಾಡಿ ಲೈನ್ ಸಿಗದಿರಬಹುದು. ಬ್ಯಾಟರಿಯಲ್ಲಿ ನಡೆಯುವ ಮೆಶ್ ರೇಡಿಯೊಗಳನ್ನು ಅಲ್ಲಲ್ಲಿ ಇಡಿ. ಒಂದಕ್ಕೆ ಬಂದ ಸಂದೇಶವನ್ನು ಅದು ಪಕ್ಕದ್ದಕ್ಕೆ ದಾಟಿಸುತ್ತದೆ. ನಡುವೆ ಒಂದು ಕೆಟ್ಟರೆ ಸಂದೇಶ ಬೇರೆ ದಾರಿ ಹಿಡಿಯುತ್ತದೆ. ಫೋನುಗಳನ್ನು ಇದಕ್ಕೇ ಜೋಡಿಸಿ. ನಕ್ಷೆ ಮೊದಲೇ ಡೌನ್‌ಲೋಡ್ ಆಗಿರಲಿ.

ಆಮೇಲೆ ಡ್ರೋನ್ ಹಾರಿಸಿ. ಒಂದರ ಅಂಚು ಇನ್ನೊಂದರಲ್ಲೂ ಬರುವಂತೆ ಫೋಟೊ ತೆಗೆದರೆ ಅವನ್ನು ಹೊಂದಿಸಿ ಹೊಸ ನಕ್ಷೆ ಮಾಡಬಹುದು. ಥರ್ಮಲ್ ಕ್ಯಾಮೆರಾ ಮೈಬಿಸಿ ತೋರಿಸುತ್ತದೆ, ಆದರೆ ಕಾಂಕ್ರೀಟ್ ದಾಟಿ ನೋಡಲಾರದು. ಪರದೆ ಖಾಲಿ ಇದೆ ಅಂದ ಮಾತ್ರಕ್ಕೆ ಕೆಳಗೆ ಯಾರೂ ಇಲ್ಲ ಅಂತಲ್ಲ. ಇದನ್ನು ತಂಡದ ಪ್ರತಿಯೊಬ್ಬರಿಗೂ ಹೇಳಿಡಿ.

ಇನ್ನು ರೋಬೋಟ್. ಮನುಷ್ಯರು ಕಾಲಿಡುವ ಮುಂಚೆ ಅದು ಒಳಗೆ ಹೋಗಲಿ. ದಪ್ಪ ಗೋಡೆಗಳ ನಡುವೆ ರೇಡಿಯೊ ಸಿಗ್ನಲ್ ಸಾಯುತ್ತದೆ, ಹಾಗಾಗಿ ಎಷ್ಟೋ ಸಲ ಕೇಬಲ್ ಬೇಕು. ಕೇಬಲ್ಲೂ ಕೈಕೊಡಬಹುದು. 2011ರ ಅಕ್ಟೋಬರ್‌ನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದೊಳಗೆ ಹೋದ ಕ್ವಿನ್ಸ್ ರೋಬೋಟ್‌ನ ಕೇಬಲ್ ಕೆಟ್ಟು, ಅದು ಅಲ್ಲೇ ಉಳಿದುಹೋಯಿತು. ಆದ್ದರಿಂದ ಕೇಬಲ್ ಬಿಡಲು, ಸುತ್ತಲು ಅಂತಲೇ ಒಬ್ಬರನ್ನು ನಿಲ್ಲಿಸಿ. ನಡೆಸುವವರ ಕಣ್ಣು ಪರದೆ ಮೇಲಿರುತ್ತದೆ. ಅವರಿಂದ ಎರಡೂ ಕೆಲಸ ಆಗುವುದಿಲ್ಲ.

ಕಂಡದ್ದನ್ನೆಲ್ಲ ಫೋನಿನ ನಕ್ಷೆಯಲ್ಲಿ ಗುರುತಿಸಿ: ಫೋಟೊ, ಸಮಯ, ಮಹಡಿ. ಕಟ್ಟಡದೊಳಗೆ ಜಿಪಿಎಸ್ ನಂಬಬೇಡಿ. ‘ಎಡಗಡೆ ಮೆಟ್ಟಿಲಿನಿಂದ ಎರಡನೇ ಬಾಗಿಲು’ ಅಂತ ಬರೆದರೆ ಮುಂದಿನ ಪಾಳಿಯವರು ನೇರ ಅಲ್ಲಿಗೇ ಹೋಗುತ್ತಾರೆ.

ಯಂತ್ರ ತೋರಿಸಿದ್ದನ್ನು ತೂಗಿ ನೋಡಿ, ಎಲ್ಲಿ ಅಗೆಯಬೇಕು ಅಂತ ತೀರ್ಮಾನಿಸುವುದು ಮಾತ್ರ ತಂಡದ ನಾಯಕರ ಕೆಲಸ. 2015ರ ನೇಪಾಳ ಭೂಕಂಪದಲ್ಲಿ ಚೌತಾರಾದ ಅವಶೇಷಗಳಡಿ ಇದ್ದ 4 ಮಂದಿಯ ಎದೆಬಡಿತವನ್ನು ನಾಸಾ ಅಭಿವೃದ್ಧಿಪಡಿಸಿದ ಫೈಂಡರ್ ರಾಡಾರ್ ಹಿಡಿದಿತ್ತು. ಅವರನ್ನು ಹೊರಗೆ ತೆಗೆದದ್ದು ಮನುಷ್ಯರೇ.

ನಡುನಡುವೆ ಎಲ್ಲವನ್ನೂ ನಿಲ್ಲಿಸಿ. ಡ್ರೋನ್ ಇಳಿಸಿ, ಜನರೇಟರ್ ಆರಿಸಿ, ಫೋನ್ ಸೈಲೆಂಟ್ ಮಾಡಿ. ಒಮ್ಮೆ ಜೋರಾಗಿ ಕೂಗಿ, ಸುಮ್ನೆ ನಿಂತು ಕಿವಿಗೊಡಿ. ಒಳಗಿನವರು ಪೈಪ್ ತಟ್ಟುತ್ತಿರಬಹುದು.