ಪ್ಯಾರಿಸ್‌ನ ಎರಡು ದ್ವೀಪಗಳು: ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಬಿಡಬಹುದು

ಪ್ಯಾರಿಸ್‌ಗೆ ಹೋದವರಲ್ಲಿ ಹೆಚ್ಚಿನವರು ಸಿತೆ ಮೆಟ್ರೋ ಸ್ಟೇಷನ್‌ನಲ್ಲಿ ಇಳಿಯುತ್ತಾರೆ, ನೊಟ್ರೆ ಡಾಮ್ ಚರ್ಚಿನ ಮುಂದೆ ಸೆಲ್ಫಿ ತೆಗೆಯುತ್ತಾರೆ, ಅಷ್ಟೇ. ಹಾಗೆ ಮಾಡಬೇಡಿ. ಸೇನ್ ನದಿಯ ನಡುವೆ ಇರುವುದು ಎರಡು ದ್ವೀಪ, ಪಶ್ಚಿಮಕ್ಕೆ ಇಲ್ ದ ಲಾ ಸಿತೆ, ಪೂರ್ವಕ್ಕೆ ಇಲ್ ಸೇಂಟ್ ಲೂಯಿ. ಪಶ್ಚಿಮದ ತುದಿಯಿಂದ ನಡೆಯುತ್ತಾ ಬಂದರೆ ಅರ್ಧ ದಿನ ಸಾಕು.

ಮೆಟ್ರೋ 7ನೇ ಲೈನಿನ ಪೋಂ ನೆಫ್‌ನಲ್ಲಿ ಇಳಿಯಿರಿ. ಅದೇ ಹೆಸರಿನ ಸೇತುವೆ 1607ರಲ್ಲಿ ಮುಗಿದದ್ದು, ಊರಿನಲ್ಲಿ ಉಳಿದಿರುವ ಸೇತುವೆಗಳಲ್ಲೇ ಹಳೆಯದು. ಮಧ್ಯದಲ್ಲಿ ಕುದುರೆ ಏರಿ ಕೂತಿರುವ ರಾಜ ನಾಲ್ಕನೇ ಹೆನ್ರಿಯ ಪ್ರತಿಮೆಯ ಬೆನ್ನ ಹಿಂದೆ ಮೆಟ್ಟಿಲುಗಳಿವೆ. ಇಳಿದರೆ ನೀರಿಗೆ ತಾಗಿದಂತೆ ಪುಟ್ಟ ಪಾರ್ಕ್. ದ್ವೀಪದ ಹಳೆಯ ನೆಲಮಟ್ಟ ಇದೇ, ಉಳಿದದ್ದೆಲ್ಲ ಆಮೇಲೆ ಎತ್ತರಿಸಿದ್ದು. ನದಿ ಉಕ್ಕಿದಾಗ ಪಾರ್ಕ್ ಮುಳುಗುತ್ತದೆ, ಆಗ ಸುಮ್ನೆ ಮೇಲಿಂದಲೇ ನೋಡಿ.

ಮುಂದೆ ಸೇಂಟ್ ಶಾಪೆಲ್ ಎಂಬ ಹಳೆಯ ಪ್ರಾರ್ಥನಾ ಮಂದಿರ. ದುಡ್ಡು ಕೊಟ್ಟು ನೋಡಬೇಕಾದ್ದು ಒಂದೇ ಅಂದರೆ ಇದೇ. ಸಮಯ ಆರಿಸಿ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿ, ಬಿಸಿಲಿರುವ ದಿನವೇ ಆಗಲಿ, ಮೋಡವಿದ್ದರೆ ಅರ್ಧ ಮಜಾ ಹೋಯಿತು. ಹಳೆಯ ಕೋರ್ಟ್ ಆವರಣದೊಳಗೆ ಇರುವುದರಿಂದ ಬ್ಯಾಗ್ ತಪಾಸಣೆ ಜೋರು. ಹಣ್ಣು ಕೊಯ್ಯುವ ಚಾಕು, ಕತ್ತರಿ ರೂಮಿನಲ್ಲೇ ಇರಲಿ. ಮೊದಲು ಸಿಗುವುದು ಕೆಳಗಿನ ಪ್ರಾರ್ಥನಾ ಮಂದಿರ. ತಗ್ಗು ಚಾವಣಿ, ಮಬ್ಬು ಬೆಳಕು. ಇಷ್ಟೇನಾ ಅಂತ ತಿರುಗಬೇಡಿ, ಸುರುಳಿ ಮೆಟ್ಟಿಲು ಹತ್ತಿ. ಮೇಲೆ ಗೋಡೆಯೇ ಇಲ್ಲವೇನೋ ಅನ್ನಿಸುವಷ್ಟು ಬಣ್ಣದ ಗಾಜು, ಎತ್ತರದ 15 ಕಿಟಕಿ, ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ದೃಶ್ಯಗಳು. ಯೇಸುವಿನದ್ದೆಂದು ನಂಬಿದ್ದ ಮುಳ್ಳಿನ ಕಿರೀಟ ಇಡಲು ರಾಜ ಒಂಬತ್ತನೇ ಲೂಯಿ ಕಟ್ಟಿಸಿದ್ದು, 1248ರಲ್ಲಿ ಪ್ರತಿಷ್ಠೆಯಾಯಿತು.

ಪಕ್ಕದ ಕಾನ್ಸಿಯರ್ಜರಿ, 1793ರಲ್ಲಿ ರಾಣಿ ಮರಿ ಆಂಟ್ವನೆಟ್‌ಳನ್ನು ಕೂಡಿಹಾಕಿದ್ದ ಜೈಲು. ಟೈಮ್ ಇಲ್ಲದಿದ್ದರೆ ಬಿಡಿ.

ನೊಟ್ರೆ ಡಾಮ್ 2019ರ ಏಪ್ರಿಲ್‌ನಲ್ಲಿ ಸುಟ್ಟು, 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಚರ್ಚಿನ ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ, ಯಾರಾದರೂ ಪ್ರವೇಶದ ಟಿಕೆಟ್ ಮಾರಲು ಬಂದರೆ ಕೊಳ್ಳಬೇಡಿ. ಕ್ಯೂ ಉದ್ದ ಕಂಡರೂ ಬೇಗ ಸರಿಯುತ್ತದೆ. ಪರ್ಸ್, ಫೋನ್ ಜೋಪಾನ. ಚರ್ಚಿನ ಹಿಂದೆ ದ್ವೀಪದ ತುದಿಯಲ್ಲಿ, ನಾಜಿ ಶಿಬಿರಗಳಿಗೆ ಫ್ರಾನ್ಸ್‌ನಿಂದ ಸಾಗಿಸಲ್ಪಟ್ಟವರ ಸ್ಮಾರಕವಿದೆ, 1962ರದ್ದು. ರಸ್ತೆಯಿಂದ ಕಾಣುವುದೇ ಇಲ್ಲ, ಅದಕ್ಕೇ ಜನ ಕಡಿಮೆ. ನೆಲದಡಿಯ ಆ ಕೋಣೆಗಳಿಗೆ ಇಳಿದು ಬನ್ನಿ.

ಸೇಂಟ್ ಲೂಯಿ ಸೇತುವೆ ದಾಟಿದರೆ ಎರಡನೇ ದ್ವೀಪ. ಮೊದಲು ಇಲ್ಲಿ ಎರಡು ಸಣ್ಣ ದ್ವೀಪಗಳಿದ್ದವು, ಒಂದರಲ್ಲಿ ದನ ಮೇಯಿಸುತ್ತಿದ್ದರು. 17ನೇ ಶತಮಾನದಲ್ಲಿ ಸೇರಿಸಿ ಮನೆ ಕಟ್ಟಿದರು. ಇಲ್ಲಿ ಎಲ್ಲರೂ ಹುಡುಕುವುದು 1954ರಿಂದ ಇರುವ ಬೆರ್ತಿಯೋಂ ಐಸ್‌ಕ್ರೀಂ. ಸೋಮವಾರ, ಮಂಗಳವಾರ ರಜೆ, ಬೇಸಿಗೆಯ ಮಧ್ಯೆಯೂ ಮುಚ್ಚುತ್ತಾರೆ (ಐಸ್‌ಕ್ರೀಂ ಅಂಗಡಿಗೆ ಆಗಸ್ಟ್‌ನಲ್ಲಿ ರಜೆ, ಇದು ಅಲ್ಲಿ ಮಾತ್ರ ಸಾಧ್ಯ ಅಲ್ವಾ!). ಬೇಜಾರಾಗಬೇಡಿ, ಅದೇ ಬೀದಿಯ ಬೇರೆ ಅಂಗಡಿಗಳಲ್ಲೂ ಅದೇ ಸರಕು ಸಿಗುತ್ತದೆ. ಮೊಟ್ಟೆ ಬೇಡದವರು ಸೋರ್ಬೆ (ಹಣ್ಣಿನ ರಸದ ಐಸ್) ಕೇಳಿ. ಅದನ್ನು ಹಿಡಿದು ದಕ್ಷಿಣದ ದಂಡೆಗೆ ಹೋದರೆ ನೊಟ್ರೆ ಡಾಮ್‌ನ ಹಿಂಭಾಗ ಪೂರ್ತಿ ಕಾಣುತ್ತದೆ. ಆಮೇಲೆ ಉತ್ತರಕ್ಕೆ ಪೋಂ ಮರಿ ಸೇತುವೆ ದಾಟಿದರೆ ಮತ್ತೆ 7ನೇ ಲೈನೇ ಸಿಗುತ್ತದೆ.